ರೋಮನ್ ಕಂಚಿನ ನಾಣ್ಯಗಳು: ಸಂಗ್ರಹಿಸುವ ಮತ್ತು ಸಂಗ್ರಹದ ಗುಣಮಟ್ಟ ಹೆಚ್ಚಿಸುವ ಬಗೆ

ರೋಮನ್ ಚಕ್ರವರ್ತಿಗಳ ಕಂಚಿನ ನಾಣ್ಯಗಳೆಂದು ನಾವು ಒಟ್ಟಾಗಿ ಕರೆಯುವವೆಲ್ಲವೂ ನಿಜಕ್ಕೆ ಕಂಚಿನವಲ್ಲ. ಕ್ರಿ.ಪೂ. 23ರ ಸುಮಾರಿಗೆ ಮೊದಲ ಚಕ್ರವರ್ತಿ ಆಗಸ್ಟಸ್ ತಂದ ನಾಣ್ಯ ವ್ಯವಸ್ಥೆಯಲ್ಲಿ ಸೆಸ್ಟರ್ಷಿಯಸ್ ಮತ್ತು ಡುಪೊಂಡಿಯಸ್‌ಗಳು ಹಿತ್ತಾಳೆಯವು, ಆಸ್ ಎಂಬ ನಾಣ್ಯ ತಾಮ್ರದ್ದು. ನಾಲ್ಕು ಆಸ್‌ಗಳಿಗೆ ಒಂದು ಸೆಸ್ಟರ್ಷಿಯಸ್. ಸುಮಾರು 25 ಗ್ರಾಂ ತೂಗುವ ಸೆಸ್ಟರ್ಷಿಯಸ್ಸನ್ನು ಕೈಯಲ್ಲಿ ಹಿಡಿದೊಡನೆ ಗುರುತಿಸಬಹುದು. ಉಳಿದೆರಡು ಗಾತ್ರದಲ್ಲಿ ಹತ್ತಿರದವಾದ್ದರಿಂದ, ಶತಮಾನಗಳ ಕಾಲ ಮಣ್ಣಿನಲ್ಲಿದ್ದು ಬಣ್ಣ ಬದಲಾದ ಮೇಲೆ ಲೋಹವನ್ನು ನೋಡಿ ಹೇಳುವುದು ಕಷ್ಟ. ನೀರೋನ ಕಾಲದಿಂದೀಚೆಗೆ ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣಗಳಂತಹ ಕಿರೀಟವಿದ್ದರೆ ಅದು ಸಾಮಾನ್ಯವಾಗಿ ಡುಪೊಂಡಿಯಸ್.

ಸಂಗ್ರಹಕ್ಕೆ ಮೊದಲೇ ಒಂದು ಎಲ್ಲೆ ಹಾಕಿಕೊಳ್ಳುವುದು ಒಳ್ಳೆಯದು: ಒಬ್ಬ ಚಕ್ರವರ್ತಿ, ಒಂದು ವಂಶ ಅಥವಾ ಒಂದು ಟಂಕಸಾಲೆ. ಹೊಸಬರಿಗೆ ಕ್ರಿ.ಶ. ನಾಲ್ಕನೆಯ ಶತಮಾನದ ಸಣ್ಣ ನಾಣ್ಯಗಳು ತಕ್ಕವು. ಅವು ಹೇರಳವಾಗಿ ಸಿಗುತ್ತವೆ. ಜೊತೆಗೆ ಹಿಂಬದಿಯ ಚಿತ್ರದ ಕೆಳಗಿನ ಅಕ್ಷರಗಳು ಟ್ರಿಯರ್, ಸಿಸ್ಕಿಯಾ, ಅಂಟಿಯೋಕ್ ಮುಂತಾದ ಟಂಕಸಾಲೆಗಳ ಹೆಸರನ್ನು ಸೂಚಿಸುತ್ತವೆ. ಹಿಂದಿನ ಕಾಲದ ನಾಣ್ಯಗಳಲ್ಲಿ ಪದವಿಗಳ ಸಂಕ್ಷೇಪಗಳೇ ಕಾಲವನ್ನು ಹೇಳುತ್ತವೆ. ಉದಾಹರಣೆಗೆ, ಚಕ್ರವರ್ತಿ ಟ್ರಾಜನ್ನನು ಐದನೆಯ ಬಾರಿ ಕಾನ್ಸಲ್ (ರೋಮಿನ ಉನ್ನತ ಅಧಿಕಾರಿ) ಎಂದು ಬರೆದಿದ್ದರೆ ನಾಣ್ಯ ಕ್ರಿ.ಶ. 103ರಿಂದ 111ರ ನಡುವಿನದು, ಆರನೆಯ ಬಾರಿ ಎಂದಿದ್ದರೆ 112ರಿಂದ ಈಚಿನದು.

ಈ ಗುರುತಿಸುವಿಕೆ ಮುಗಿಯುವ ಮೊದಲು, ಸಂಗ್ರಹದಲ್ಲಿರುವ ನಾಣ್ಯದ ಜಾಗಕ್ಕೆ ಅದೇ ಬಗೆಯ ಉತ್ತಮವಾದದ್ದನ್ನು ತರುವ ಕೆಲಸಕ್ಕೆ ಕೈಹಾಕಬಾರದು. ಎರಡೂ ಒಂದೇ ಬಗೆಯವೆಂದು ಭಾವಿಸಿ ಹಳೆಯದನ್ನು ಕೊಟ್ಟುಬಿಟ್ಟ ಮೇಲೆ, ಅದರ ಬರಹದಲ್ಲೋ ಟಂಕಸಾಲೆಯ ಗುರುತಿನಲ್ಲೋ ವ್ಯತ್ಯಾಸವಿತ್ತೆಂದು ತಿಳಿದರೆ, ಸಂಗ್ರಹದಲ್ಲಿ ಒಂದು ಬಗೆಯೇ ಇಲ್ಲವಾಗುತ್ತದೆ.

ಯಾವುದು ಉತ್ತಮ ಎಂಬುದರಲ್ಲಿ ಸವೆತವೊಂದೇ ಅಳತೆಗೋಲಲ್ಲ. ನಾನು ಮೊದಲು ನೋಡುವುದು ಮೇಲ್ಮೈಯನ್ನು, ಆಮೇಲೆ ಮುಖಚಿತ್ರದ ಕೆತ್ತನೆಯನ್ನು, ನಂತರ ಅಚ್ಚು ನಾಣ್ಯದ ನಡುವೆ ಬಿದ್ದು ಬರಹ ಪೂರ್ತಿಯಾಗಿ ಬಂದಿದೆಯೇ ಎಂಬುದನ್ನು, ಸವೆತ ಕೊನೆಗೆ. ದೊಡ್ಡ ಸೆಸ್ಟರ್ಷಿಯಸ್‌ಗಳಲ್ಲಿ ಮಾಸಿದ ಕೂದಲಿನ ಎಳೆಗಳನ್ನೂ ಉಡುಪಿನ ಮಡಿಕೆಗಳನ್ನೂ ಈಚಿನವರು ಉಳಿಯಿಂದ ಮತ್ತೆ ಕೊರೆದಿರುವುದುಂಟು. ಭೂತಗನ್ನಡಿಯಲ್ಲಿ ಆ ಗೆರೆಗಳು ತೀರ ಹರಿತವಾಗಿ ಕಾಣುತ್ತವೆ. ಅಕ್ಷರಗಳು ಸವೆದಿದ್ದರೂ ಕೂದಲು ಮಾತ್ರ ಹೊಸದಾಗಿದ್ದರೆ ಅನುಮಾನಿಸಬೇಕು. ಯಾರೂ ಕೈಯಾಡಿಸದ, ಜನರ ಬಳಕೆಯಲ್ಲೇ ಸವೆದ ನಾಣ್ಯವು ಅಂತಹುದಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಕಲುಗಳ ಚರಿತ್ರೆಯೂ ಹಳೆಯದು: 16ನೆಯ ಶತಮಾನದಲ್ಲೇ ಇಟಲಿಯ ಪಾದುವಾದ ಜಿಯೊವಾನಿ ಕವಿನೋ ಸೆಸ್ಟರ್ಷಿಯಸ್‌ಗಳ ಸೊಗಸಾದ ಅನುಕರಣೆಗಳನ್ನು ಮಾಡಿದ್ದನು. ಎರಕದ ನಕಲುಗಳಲ್ಲಿ ಅಂಚಿನ ಸುತ್ತ ಬೆಸುಗೆಯಂತಹ ಗೆರೆ ಮತ್ತು ಸಣ್ಣ ಗುಳ್ಳೆಗಳ ಗುರುತು ಕಾಣಬಹುದು.

ಗಟ್ಟಿಯಾದ, ನಯವಾದ ಹಸಿರು ಪದರವು ನಾಣ್ಯಕ್ಕೆ ರಕ್ಷಣೆಯಾದ್ದರಿಂದ ಅದನ್ನು ಉಜ್ಜಿ ತೆಗೆಯಬಾರದು. ತಿಳಿಹಸಿರು ಪುಡಿಯಾಗಿ ಉದುರುವ ಕಿಲುಬು ಬೇರೆಯೇ. ಲೋಹದಲ್ಲಿ ಸೇರಿಕೊಂಡ ಕ್ಲೋರೈಡ್ ತೇವ ಮತ್ತು ಗಾಳಿಯೊಡನೆ ವರ್ತಿಸುವುದರಿಂದ ಹುಟ್ಟುವ ಇದು ನಾಣ್ಯವನ್ನು ಒಳಗಿನಿಂದ ಕೊರೆಯುತ್ತದೆ. ಕೂಡಲೇ ನಾಣ್ಯವನ್ನು ಬೇರೆಯಾಗಿಟ್ಟು, ಪುಡಿಯನ್ನು ಮರದ ಕಡ್ಡಿಯಿಂದ ತೆಗೆದು, ಬಟ್ಟಿ ಇಳಿಸಿದ ನೀರನ್ನು ಆಗಾಗ ಬದಲಿಸುತ್ತ ವಾರಗಟ್ಟಲೆ ನೆನೆಸಿ, ಚೆನ್ನಾಗಿ ಒಣಗಿಸಬೇಕು; ಆಮೇಲೂ ಕೆಲವು ತಿಂಗಳು ಗಮನಿಸುತ್ತಿರಬೇಕು. ಮೆತುವಾದ ಪಿವಿಸಿ ಪ್ಲಾಸ್ಟಿಕ್ ಹಾಳೆಗಳು ಕಾಲಕ್ರಮದಲ್ಲಿ ಆಮ್ಲ ಬಿಡುತ್ತವೆ. ಅವುಗಳಲ್ಲಿ ನಾಣ್ಯಗಳನ್ನು ಇಡಬೇಡಿ.

ಕೊಳ್ಳುವಾಗ ನಾಣ್ಯ ಯಾರ ಕೈಯಿಂದ ಬಂದದ್ದೆಂಬ ದಾಖಲೆಯನ್ನು ಕೇಳಿ ಪಡೆಯಬೇಕು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಾಟದ ವಿರುದ್ಧ ಯುನೆಸ್ಕೊ ಒಪ್ಪಂದವಾದ 1970ಕ್ಕಿಂತ ಹಿಂದಿನ ದಾಖಲೆ ಇದ್ದರೆ ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟರೂ ತಪ್ಪಿಲ್ಲ. ಹೊಸ ನಾಣ್ಯ ಬಂದೊಡನೆ ಹಳೆಯದನ್ನು ಕೊಟ್ಟುಬಿಡದೆ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹಗಲಿನ ಬೆಳಕಿನಲ್ಲಿ ಕೆಲವು ದಿನ ಹೋಲಿಸಿ, ತೂಕ, ವ್ಯಾಸ ಮತ್ತು ಛಾಯಾಚಿತ್ರಗಳನ್ನು ದಾಖಲಿಸಿಕೊಳ್ಳಿ. ಹಳೆಯದನ್ನು ಕೊಡುವುದೇ ನಿಶ್ಚಯವಾದರೆ ಅದರ ಚೀಟಿಯನ್ನೂ ದಾಖಲೆಯನ್ನೂ ಅದರ ಜೊತೆಯಲ್ಲೇ ಕಳುಹಿಸಿ.