ಗೋಡೆಯ ಮೇಲಿದ್ದ ಹದಿನಾಲ್ಕು ನಿಯಮ ತೆಗೆದುಹಾಕಿದೆ

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮಲ್ಲಿ ಲೈಬ್ರರಿಗೆ ಅಂತ ಬೇರೆ ಜನ ಇಲ್ಲ, ಹಾಗಾಗಿ ಲೈಬ್ರರಿ, ಕಂಪ್ಯೂಟರ್ ಲ್ಯಾಬ್ ಎರಡರ ಚಾರ್ಜೂ ನನ್ನದೇ. ಎರಡೂ ಒಂದೇ ರೂಮು, ನಡುವೆ ಎರಡು ಬೀರು ಅಡ್ಡ. ಕ್ಲಾಸಿಗೆ ನಲವತ್ತು ಮಕ್ಕಳು, ಕಂಪ್ಯೂಟರ್ ಹತ್ತು. ಅರ್ಧ ಜನ ಪುಸ್ತಕದ ಕಡೆ ಕೂರುತ್ತಾರೆ, ಉಳಿದವರು ಒಂದು ಕಂಪ್ಯೂಟರಿಗೆ ಇಬ್ಬರಂತೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಚಳ್ಳಕೆರೆಗೆ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬಂದು ಬಾಗಿಲ ಪಕ್ಕ ಹಾಕಿದೆ. ಗಲಾಟೆ ಮಾಡಬಾರದು, ತಿನ್ನಬಾರದು, ವೈರ್ ಮುಟ್ಟಬಾರದು, ಹೀಗೆ ಹದಿನಾಲ್ಕು. ಒಬ್ಬರೂ ಓದಲಿಲ್ಲ. ಓದಿದ್ದರೂ ಏನು ಮಾಡಬೇಕು ಅಂತ ಅದರಲ್ಲಿ ಎಲ್ಲಿತ್ತು?

ನನ್ನ ಕಣ್ಣು ತೆರೆಸಿದ್ದು ಒಂದು ಶೇಂಗಾ ಸಿಪ್ಪೆ. ನಮ್ಮ ಕಡೆ ಶೇಂಗಾ ಕೀಳುವ ಕಾಲ ಬಂತೆಂದರೆ ಮಕ್ಕಳ ಜೇಬಿನಲ್ಲೆಲ್ಲ ಅದೇ. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್‌ನಲ್ಲಿ ಊರಿನ ಹೆಸರು ಟೈಪ್ ಮಾಡುತ್ತಿದ್ದಳು. 'ಮೇಡಂ, ಒತ್ತೇ ಬರ್ತಿಲ್ಲ' ಅಂದಳು. ನೋಡಿದರೆ ಸ್ಕ್ರೀನ್ ಮೇಲೆ 'ಚಳಳಕೆರೆ' ಅಂತಿದೆ. ಅದರಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕ್ರಮದಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಆ ಕೀ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅವಳದೇ ಹೇರ್‌ಪಿನ್ ಇಸಿದುಕೊಂಡು ಕೀ ಎಬ್ಬಿಸಿದೆ. ಕೆಳಗೆ ಶೇಂಗಾ ಬೀಜದ ಕೆಂಪು ಸಿಪ್ಪೆ, ಪುಡಿಪುಡಿಯಾಗಿ ಮೆತ್ತಿಕೊಂಡಿತ್ತು.

ಅವತ್ತು ನಾನು ಬೈಯಲಿಲ್ಲ. ಆ ಸಿಪ್ಪೆಯನ್ನು ಬಿಳಿ ಹಾಳೆ ಮೇಲೆ ಹಾಕಿ ಎಲ್ಲರ ಮುಂದೆ ಹಿಡಿದೆ, ಆಮೇಲೆ ಎಫ್ ಇಲ್ಲದೆ ಚಿತ್ರದುರ್ಗ ಅಂತ ಟೈಪ್ ಮಾಡಿ ತೋರಿಸಿದೆ. 'ಚಿತರದುರಗ' ಅಂತ ಬಂತು. ಮಕ್ಕಳು ನಕ್ಕರು, ಆದರೆ ಬೇಡ ಅನ್ನುವುದು ಯಾಕೆ ಅಂತ ತಿಳಿಯಿತು. 'ಹಾಗಾದ್ರೆ ಶೇಂಗಾ ಎಲ್ಲಿಡೋದು ಮೇಡಂ?' ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ ಅಲ್ವಾ! ಬಾಗಿಲ ಹೊರಗೆ ಒಂದು ಬುಟ್ಟಿ ಇಟ್ಟೆವು. ಚಪ್ಪಲಿ ಬಿಡುವ ಜಾಗದಲ್ಲೇ ಪೊಟ್ಟಣ ಬಿಡುವುದು, ಹೋಗುವಾಗ ತಗೊಂಡು ಹೋಗುವುದು.

ಮುಂದಿನ ಜೂನ್‌ನಲ್ಲಿ ಫ್ಲೆಕ್ಸ್ ಇಳಿಸಿದೆ. ಮೊದಲ ಐದು ಪೀರಿಯಡ್ ಕಂಪ್ಯೂಟರಿನಲ್ಲಿ ಪಾಠವೇ ಇಲ್ಲ, ಬರೀ ಅಭ್ಯಾಸ. ಒಳಗೆ ಬರುವುದು ಹೇಗೆ, ಯಾವ ಜಾಗ, ಪುಸ್ತಕ ತೆಗೆದಾಗ ಆ ಜಾಗದಲ್ಲಿ ತನ್ನ ಹೆಸರಿನ ರಟ್ಟು ಇಡುವುದು ಹೇಗೆ, ನಾನು ಮಾತಾಡುವಾಗ ಮಾನಿಟರ್ ಆಫ್ ಮಾಡಿ ಕೈ ಮಡಿಲಲ್ಲಿ ಇಟ್ಟುಕೊಳ್ಳುವುದು. ತಪ್ಪಾದರೆ ಮತ್ತೆ ಬಾಗಿಲಿಂದ ಶುರು. 'ಇಷ್ಟು ಪೀರಿಯಡ್ ಸುಮ್ನೆ ಹಾಳು' ಅಂತ ಜೊತೆಯ ಮೇಷ್ಟ್ರೊಬ್ಬರು ಅಂದರು, ನನಗೂ ಮನಸ್ಸಿನಲ್ಲಿ ಅಳುಕಿತ್ತು, ಆದರೆ ಮೊದಲು ಕೂರಿಸುವುದಕ್ಕೇ ಹತ್ತು ನಿಮಿಷ ಹೋಗುತ್ತಿದ್ದದ್ದು ಆಮೇಲೆ ಎರಡು ನಿಮಿಷಕ್ಕೆ ಇಳಿಯಿತು.

ಕರೆಂಟ್ ಹೋದಾಗಿನ ಅಭ್ಯಾಸವನ್ನು ಬೇರೆಯಾಗೇ ಮಾಡಿಸಿದೆ. ನಮ್ಮಲ್ಲಿ ಅದು ದಿನದ ಮಾತು. ಯುಪಿಎಸ್ ಕೀಂಯ್ ಅಂದ ಕೂಡಲೇ ಎಲ್ಲ ಎದ್ದು ಕೂಗುತ್ತಿದ್ದರು, ಯಾರೋ ಓಡಿಹೋಗಿ ಸ್ವಿಚ್ ತೆಗೆಯುತ್ತಿದ್ದರು. ಈಗ ಅಭ್ಯಾಸಕ್ಕೆ ಅಂತ ನಾನೇ ಮೇನ್ ಆಫ್ ಮಾಡುತ್ತೇನೆ. ಸದ್ದು ಬಂದರೆ ಸೇವ್, ಶಟ್ ಡೌನ್, ಕೂತಲ್ಲೇ. ಮೂರು ಸಲ ಮಾಡಿದ ಮೇಲೆ ಹೇಳುವ ಕೆಲಸವೇ ಬರಲಿಲ್ಲ.

ಜಾಸ್ತಿ ಯೋಚನೆ ಮಾಡಿದ್ದು ಮೌಸ್ ಬಗ್ಗೆ. ಹುಡುಗ ಹುಡುಗಿ ಜೊತೆಗೆ ಕೂತ ಕಡೆಯೆಲ್ಲ ಮೌಸ್ ಹುಡುಗನ ಕೈಯಲ್ಲೇ ಇರುತ್ತಿತ್ತು. ಹುಡುಗಿ ನೋಡುತ್ತಾ ಕೂತಿರುತ್ತಿದ್ದಳು. ಗಲಾಟೆ ಇಲ್ಲ, ಜಗಳ ಇಲ್ಲ, ಅದಕ್ಕೇ ನನ್ನ ಕಣ್ಣಿಗೆ ಎಷ್ಟೋ ದಿನ ಬೀಳಲಿಲ್ಲ, ಅದು ಈಗಲೂ ಬೇಜಾರು. 'ಕೈ ಒಬ್ಬರದು, ಬಾಯಿ ಒಬ್ಬರದು' ಅಂತ ಮಾಡಿದೆವು. ಮೌಸ್ ಹಿಡಿದವರು ಸುಮ್ಮನೆ ಮಾಡಬೇಕು, ಪಕ್ಕದವರು ಹೇಳಬೇಕು. ಹತ್ತು ನಿಮಿಷಕ್ಕೆ ನಾನು ಗಂಟೆ ಬಾರಿಸಿದರೆ ಅದಲು ಬದಲು.

ಪುಸ್ತಕದ ಕಡೆ 'ಸದ್ದಿಲ್ಲದೆ ಓದಿ' ಅನ್ನುವುದನ್ನೇ ಬಿಟ್ಟೆ. ಎಂಟನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ, ಬಾಯಿಬಿಟ್ಟು ಓದದೆ ಅವರಿಗೆ ದಾರಿಯಿಲ್ಲ. ಕಿಟಕಿ ಪಕ್ಕದ ಚಾಪೆ ಅವರಿಗೆ. ಪಕ್ಕದವರಿಗೆ ಮಾತ್ರ ಕೇಳುವಷ್ಟು ದನಿ, ಅದನ್ನೂ ಕೂತು ಮಾಡಿ ತೋರಿಸಿದೆ.

ಒಂದು ತಪ್ಪು ನನ್ನದೇ ಇದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಆರನೇ ನಂಬರ್ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿಬಿಟ್ಟಿದ್ದ. ಸಿಟ್ಟಿನಲ್ಲಿ ಒಂದು ತಿಂಗಳು ಒಳಗೆ ಬರಬೇಡ ಅಂದೆ, ಅದೂ ಎಲ್ಲರ ಎದುರು. ಹೊಡೆಯುವುದರ ಜೊತೆಗೆ ಮನಸ್ಸಿಗೆ ನೋವು ಮಾಡುವ ಶಿಕ್ಷೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಬೇಡ ಅನ್ನುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಹೊಡೆದಿರಲಿಲ್ಲ, ಅಷ್ಟೇ. ಅವನು ತಿಂಗಳು ಪೂರ್ತಿ ವರಾಂಡದ ಕಂಬಕ್ಕೆ ಒರಗಿ ಕೂತ. ಕರೆದಾಗಲೂ ತಲೆ ಎತ್ತಿ ಬರಲಿಲ್ಲ. ಈಗ ಹಾಗೆ ಮಾಡುವುದಿಲ್ಲ. ಕೆಡಿಸಿದವರು ನನ್ನ ಜೊತೆ ಕೂತು ಸರಿಮಾಡಬೇಕು, ಮುಂದಿನ ಪೀರಿಯಡ್ ಎಂದಿನ ಜಾಗದಲ್ಲಿ ಕೂರಬೇಕು. ಆ ಹುಡುಗನ ಹತ್ತಿರ ತಪ್ಪಾಯಿತು ಅಂತ ಒಂದು ದಿನ ಹೇಳಿದೆ. ಏನೂ ಮಾತಾಡಲಿಲ್ಲ.

ಈ ವರ್ಷ ಹೊಸ ಎಂಟನೇ ಕ್ಲಾಸಿಗೆ ಅಭ್ಯಾಸ ಮಾಡಿಸಿದ್ದು ಹತ್ತನೇ ಕ್ಲಾಸಿನವರು. ಪಾಸ್‌ವರ್ಡ್ ಹುಡುಗ ತಾನೇ ಮುಂದೆ ಬಂದು ಯುಪಿಎಸ್ ಪಕ್ಕ ನಿಂತುಕೊಂಡ. ಮೇನ್ ಆಫ್ ಮಾಡುವ ಕೆಲಸ ಅವನಿಗೇ ಕೊಟ್ಟೆ.