ಘಾಟಿ ಇಳಿದು ಅಳಿವೆಯಲ್ಲಿ ಕಾಣೆ ಮೀನು ಹಿಡಿಯುವುದು ಹೇಗೆ?

ನಮ್ಮ ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್ ಮುಹೂರ್ತ ಕಳೆದಿದೆ, ನಾಟಿ ಮುಗಿದ ಗದ್ದೆ ಹಸಿರಾಗಿ ನಿಂತಿದೆ, ಕಾಫಿ ಕೊಯ್ಲು ಇನ್ನೂ ದೂರವಿದೆ. ಸಂಪಾಜೆ ಘಾಟಿ ಇಳಿದು ಕರಾವಳಿಯ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ಗಾಳ ಹಾಕಲು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳು ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಹೊಳೆಗಳ ನೆರೆ ಉಪ್ಪುನೀರನ್ನು ಕಡಲಿಗೆ ತಳ್ಳಿರುತ್ತದೆ. ನೆರೆ ಇಳಿದಂತೆ ಉಪ್ಪುನೀರು ಮತ್ತೆ ಒಳಗೇರುತ್ತದೆ. ಅದರ ಬೆನ್ನಿಗೆ ಸಿಗಡಿ ಬರುತ್ತದೆ, ಸಿಗಡಿಯ ಬೆನ್ನಿಗೆ ಮೀನು.

ಹೊರಡುವ ಮೊದಲು ನಮ್ಮೂರಿನ ಮಳೆಯನ್ನೇ ನೋಡಿ. ಮಡಿಕೇರಿ ಸೀಮೆಯಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯ ದಾಟಿ, ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಪುಷ್ಪಗಿರಿಯ ಕಡೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿಗೆ ಹೋಗುತ್ತದೆ. ಇಲ್ಲಿ ಜಡಿಮಳೆಯಾದರೆ ಅಲ್ಲಿ ನೀರು ಕೆಂಪಗಾಗುತ್ತದೆ, ಕಾಣೆ ಸಿಗುವುದಿಲ್ಲ. ಮೂರು–ನಾಲ್ಕು ದಿನ ಮಳೆ ಬಿಟ್ಟು ನೀರು ಹಸಿರಿಗೆ ತಿರುಗಿದ ಮೇಲೆ ಹೋಗಿ.

ಮುಂದಿನದು ಭರತ–ಇಳಿತದ ಲೆಕ್ಕ. ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ನಮ್ಮ ಹೊಳೆ ಸದಾ ಒಂದೇ ದಿಕ್ಕಿಗೆ ಹರಿಯುತ್ತದೆ. ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಲು ಆರು ಗಂಟೆಗೆ ಸ್ವಲ್ಪ ಹೆಚ್ಚು, ಇಳಿಯಲು ಅಷ್ಟೇ ಹೊತ್ತು. ಹಾಗಾಗಿ ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ಸಲ ಹೋದಾಗ ನಾನು ಇದನ್ನು ತಿಳಿಯದೆ, ನೀರು ಪೂರ್ತಿ ಇಳಿದು ನಿಂತ ಹೊತ್ತಿನಲ್ಲಿ ಗಾಳ ಹಿಡಿದು ಕುಳಿತಿದ್ದೆ. ಒಂದು ಮೀನೂ ಮುಟ್ಟಲಿಲ್ಲ. ನಿಂತ ನೀರಿನಲ್ಲಿ ಕಾಯಬೇಡಿ. ಭರತ ಶುರುವಾಗಿ ಒಂದು ಗಂಟೆಯ ನಂತರ, ಮೊಣಕಾಲಿನಿಂದ ಸೊಂಟದವರೆಗೆ ಆಳವಿರುವ ಮರಳು ದಿಬ್ಬದ ಅಂಚು ಹಿಡಿಯಿರಿ. ಕಾಣೆ ಮರಳಿನ ಮೀನು. ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ.

ಸಲಕರಣೆಗೆ ಹೆಚ್ಚು ಖರ್ಚು ಬೇಡ. ತೆಳುವಾದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದಕ್ಕಿಂತ ಒಂದು ಗೇಣು ಮೇಲೆ ಸಣ್ಣ ಗಾಳ. ಕಾಣೆಯ ಬಾಯಿ ಚಿಕ್ಕದು. ಹೊಳೆಯ ದೊಡ್ಡ ಮೀನಿಗೆ ಕಟ್ಟುವ ಗಾಳ ಇಲ್ಲಿ ಪ್ರಯೋಜನಕ್ಕೆ ಬಾರದು.

ಎರೆಗೆ ಅಲ್ಲಿನ ಮೀನು ಮಾರುಕಟ್ಟೆಯಿಂದ ಅಂದಿನ ಹಸಿ ಸಿಗಡಿಯನ್ನೇ ತನ್ನಿ. ತಲೆ ಮುರಿದು, ಸಿಪ್ಪೆ ಬಿಡಿಸಿ, ಕಿರುಬೆರಳಿನ ಉಗುರಿನಷ್ಟು ತುಂಡು ಮಾಡಿ. ಗಾಳದ ಮೊನೆಯನ್ನು ತುಂಡಿನ ದಪ್ಪ ಕಡೆಯಿಂದ ಚುಚ್ಚಿ, ಬಾಗಿಗೆ ತಕ್ಕಂತೆ ನಿಧಾನವಾಗಿ ಸರಿಸಿ, ಮೊನೆ ಕೂದಲೆಳೆಯಷ್ಟು ಹೊರಗೆ ಕಾಣುವಂತೆ ಬಿಡಿ. ತುಂಡು ಜೋತಾಡಿದರೆ ಮೀನು ಅಂಚನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ.

ಎಸೆದ ಮೇಲೆ ದಾರವನ್ನು ಸುಮ್ಮನೆ ಬಿಡದೆ, ಗೇಣು ಗೇಣಾಗಿ ಎಳೆದು ನಿಲ್ಲಿಸಿ. ಗುಂಡು ತಳದಲ್ಲಿ ಉಜ್ಜಿದಾಗ ಏಳುವ ಮರಳಿನ ಪುಟ್ಟ ಮೋಡ ಕಾಣೆಯನ್ನು ಕರೆಯುತ್ತದೆ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡಿರಿ. ಟಕ್ ಟಕ್ ಎಂದು ಎರಡು ಸಲ ತಟ್ಟಿದಂತಾಗುತ್ತದೆ, ಆಮೇಲೆ ದಾರ ಬಿಗಿಯುತ್ತದೆ. ಬಿಗಿದ ಮೇಲಷ್ಟೇ ಮಣಿಕಟ್ಟು ಎತ್ತಿ. ಜೋರಾಗಿ ಜಗ್ಗಿದರೆ ಅದರ ಮೆತ್ತನೆಯ ಬಾಯಿ ಹರಿಯುತ್ತದೆ. ಗೇಣಿಗಿಂತ ಚಿಕ್ಕದನ್ನು ದಯವಿಟ್ಟು ನೀರಿಗೆ ಬಿಡಿ.

ನೀರಿಗಿಳಿದಾಗ ಪಾದ ಎತ್ತಿಡಬೇಡಿ, ಮರಳಿನಲ್ಲಿ ಎಳೆದುಕೊಂಡು ನಡೆಯಿರಿ; ತಳದಲ್ಲಿ ಮಲಗಿರುವ ತೊರಕೆ ಮೀನು ಸರಿದು ಹೋಗುತ್ತದೆ. ಅದರ ಬಾಲದ ಮುಳ್ಳು ವಿಷದ್ದು. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ನೋವು ತಗ್ಗಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಯ ಹತ್ತಿರ ನೀರಿಗಿಳಿಯಲೇಬೇಡಿ. ನಮ್ಮ ಹೊಳೆಯಲ್ಲಿ ಈಜಿದ ಧೈರ್ಯ ಅಲ್ಲಿ ನಡೆಯುವುದಿಲ್ಲ. ನೀರು ನೇರ ಕಡಲಿಗೆ ಸೆಳೆಯುತ್ತದೆ.

ಹಿಡಿದ ಮೀನಿನ ಹೊಟ್ಟೆಯನ್ನು ಅಲ್ಲೇ ಸೀಳಿ ಶುಚಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪುಡಿ ಐಸಿನ ನಡುವೆ ಇಡಿ. ಕರಗಿದ ನೀರನ್ನು ದಾರಿಯಲ್ಲಿ ಒಂದೆರಡು ಸಲ ಬಸಿಯಿರಿ. ಮನೆಗೆ ಬಂದು ಉಪ್ಪು, ಕಾಳುಮೆಣಸು, ಕೆಲವು ಹನಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ) ಹಚ್ಚಿ ಅರ್ಧ ಗಂಟೆ ಬಿಟ್ಟು ಕಾವಲಿಗೆ ಹಾಕಿ.