ಬರುವ ಮೊದಲೇ ಏಳು ಪ್ರಶ್ನೆ: ಯಾದಗಿರಿಯಿಂದ ನನ್ನ ಅನುಭವ

"ಸಹಿ ಮಾಡಾಕ ಬರದವರ ಕಡಿಂದ ಮೊಬೈಲ್‌ನಾಗ ಫಾರಂ ತುಂಬಿಸ್ತೀರೇನ್ರಿ?" ಅಂದಿದ್ದ ಗೆಳೆಯ ಡಾಕ್ಟರರೇ ಹೋದ ತಿಂಗಳು ಬಂದು ನನ್ನ ಪ್ರಶ್ನೆಗಳನ್ನು ಕೇಳಿ ಪಡೆದರು. ನನ್ನ ಕ್ಲಿನಿಕ್‌ಗೆ ಫಾಲೋಅಪ್‌ಗೆ ಬರುವವರು ಮನೆಯಿಂದಲೇ ಮೊಬೈಲ್‌ನಲ್ಲಿ ಉತ್ತರಿಸಿ ಕಳಿಸುವ ಪ್ರಶ್ನೆಗಳು ಇವು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿಗೆ ಕೈ ಸುಟ್ಟುಕೊಂಡೆ. ಒಂದು ಕಂಪನಿಯ ಸಾಫ್ಟ್‌ವೇರಿಗೆ ವರ್ಷಕ್ಕೆ ಹದಿನೆಂಟು ಸಾವಿರದಷ್ಟು ಕಟ್ಟಿದೆ. ಕನ್ನಡ ಇದೆ ಅಂದಿದ್ದರು, ಇತ್ತು ಕೂಡ: "ತಾವು ಮಧುಮೇಹದಿಂದ ಬಳಲುತ್ತಿದ್ದೀರಾ?" ಹತ್ತು ವರ್ಷದಿಂದ ಷುಗರಿನ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರೂ "ಇಲ್ಲ" ಒತ್ತಿದರು. ಗುಳಿಗೆ ತಗೊಂಡು ಆರಾಮ ಇದ್ದವರು ಮತ್ತೇನು ಒತ್ತಬೇಕು? ಆಮೇಲೆ ಹನ್ನೊಂದು ಸಾವಿರದ ಟ್ಯಾಬ್ ತಂದು ಹೊರಗಿನ ಬೆಂಚಿನ ಹತ್ತಿರ ಇಟ್ಟೆ. ಮೇ ತಿಂಗಳ ಬಿಸಿಲಿಗೆ ಕಾದು ಬಂದ್ ಆಗುತ್ತಿತ್ತು, ಮೂರನೇ ತಿಂಗಳಿಗೆ ಗ್ಲಾಸ್ ಒಡೆಯಿತು.

ಎಲ್ಲ ಬಿಟ್ಟು ಪುಕ್ಕಟೆ ಗೂಗಲ್ ಫಾರಂಗೆ ಬಂದೆ. 32 ಪ್ರಶ್ನೆ ಇದ್ದದ್ದು 7ಕ್ಕೆ ಇಳಿಯಿತು. ಮಾತು ಕಟ್ಟಿದ್ದು ನಮ್ಮ ಸಿಸ್ಟರ್, ಸುರಪುರ ಕಡೆಯವರು. "ಷುಗರ್ ಗುಳಿಗಿ ತಗೋತೀರೇನ್ರಿ?" "ಎಷ್ಟು ದೂರ ನಡದ್ರ ದಮ್ಮು ಬರ್ತದ?" ಓದಲು ಬರದವರಿಗೆ ಸಿಸ್ಟರ್ ದನಿಯಲ್ಲೇ ವಾಟ್ಸಾಪ್ ವಾಯ್ಸ್ ಹೋಗುತ್ತದೆ, ಉತ್ತರವೂ ವಾಯ್ಸ್‌ನಲ್ಲೇ ಬರುತ್ತದೆ. ಎಲ್ಲಕ್ಕಿಂತ ಮೇಲೆ, ಎದೆನೋವು ಇಲ್ಲವೇ ದಮ್ಮು ಜೋರಾದರೆ ಫಾರಂ ಬಿಟ್ಟು 108ಕ್ಕೆ ಫೋನ್ ಮಾಡಿ ಅಂತ ಹಾಕಿದ್ದೇವೆ. ರಾತ್ರಿ ಬಂದ ಉತ್ತರ ನಾವು ನೋಡುವುದು ಬೆಳಿಗ್ಗೆಯೇ.

ಇನ್ನೊಂದು ತೊಡಕು, ಫೋನ್ ಇರುವುದು ಮಗನ ಕೈಯಲ್ಲಿ, ಮಗ ಇರುವುದು ಬೆಂಗಳೂರಲ್ಲಿ ಇಲ್ಲವೇ ಪುಣೆಯಲ್ಲಿ. ಅವ್ವನ ಬದಲು ಅಂದಾಜಿನ ಮೇಲೆ ತುಂಬಿ ಕಳಿಸುತ್ತಿದ್ದರು. ಈಗ ಮೊದಲ ಪ್ರಶ್ನೆಯೇ "ತುಂಬೋರು ಯಾರು?"

ಏಳನೆಯದು ನನ್ನ ಹೆಮ್ಮೆ: ಮನೆಯಲ್ಲಿರುವ ಅಷ್ಟೂ ಗುಳಿಗೆಯ ಫೋಟೊ. ಒಬ್ಬ ಅಜ್ಜಿಗೆ ಆರು ತಿಂಗಳಿಂದ ಪಾದದ ಬಾವು. ಕಿಡ್ನಿ, ಹಾರ್ಟ್ ಎಲ್ಲ ನೋಡಿದ್ದೆ, ಎಲ್ಲಾ ಸರಿ. ಮೊಮ್ಮಗಳು ಚಾಪೆಯ ಮೇಲೆ ಸ್ಟ್ರಿಪ್ ಹರವಿ ಫೋಟೊ ಕಳಿಸಿದಳು. ಅದರಲ್ಲಿ ಎರಡು ಸ್ಟ್ರಿಪ್, ಹೆಸರು ಬೇರೆ, ಬಣ್ಣ ಬೇರೆ, ಎರಡರಲ್ಲೂ ಇದ್ದದ್ದು ಬಿಪಿಯ ಅಮ್ಲೋಡಿಪಿನ್. ಅದರ ಡೋಸ್ ಹೆಚ್ಚಾದರೆ ಪಾದಕ್ಕೆ ಬಾವು ಬರಬಹುದು. ಒಂದು ನಾನು ಬರೆದದ್ದು, ಇನ್ನೊಂದು ಬೇರೆ ಕಡೆ ತೋರಿಸಿದಾಗ ಕೊಟ್ಟದ್ದು. ಒಂದನ್ನು ನಿಲ್ಲಿಸಿದೆ. ಎರಡು ವಾರಕ್ಕೆ ಅಜ್ಜಿಯ ಕಾಲುಂಗುರ ಮತ್ತೆ ಸಡಿಲಾಯಿತು. ನೋವಿನ ಗುಳಿಗೆಯೂ ಫೋಟೊದಲ್ಲಿ ಹೀಗೇ ಸಿಕ್ಕಿಬೀಳುತ್ತದೆ. ಬಿಪಿ ಗುಳಿಗೆಯ ಜೊತೆ ದಿನಾ, ಬಿಪಿ ಏರಿಸಬಲ್ಲ ಡೈಕ್ಲೋಫೆನಾಕ್ ನುಂಗುವವರು ಬಾಯಿಬಿಟ್ಟು ಹೇಳುವುದಿಲ್ಲ, ಫೋಟೊ ಹೇಳುತ್ತದೆ.

ನಡುವೆ ಪಿಎಚ್‌ಕ್ಯು-2, ಅಂದರೆ ಖಿನ್ನತೆಯ ಸುಳಿವು ಹಿಡಿಯುವ ಎರಡು ಪ್ರಶ್ನೆ ಕೂಡ ಸೇರಿಸಿ ನೋಡಿದೆ. ಆರು ಅಂಕದಲ್ಲಿ 3 ಇಲ್ಲವೇ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು. ಮನೆಯಿಂದ ಬಂದದ್ದೆಲ್ಲ ಸೊನ್ನೆ. ಅದೇ ಎರಡು ಪ್ರಶ್ನೆ ಸಿಸ್ಟರ್ ಬಿಪಿ ನೋಡುವ ಕೋಣೆಯಲ್ಲಿ ಒಬ್ಬರೇ ಇದ್ದಾಗ ಕೇಳಿದರು. 3 ಮುಟ್ಟಿದ, ದಾಟಿದ ಹೆಣ್ಣುಮಕ್ಕಳು ಬಹಳ. ಗಂಡನ ಫೋನಿನಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ? ಫಾರಂನಿಂದ ಅದನ್ನು ತೆಗೆದೆ, ಕೋಣೆಯಲ್ಲಿ ಉಳಿಸಿಕೊಂಡೆ. ಕುಡಿತದ ಬಗ್ಗೆ ಗಂಡಸರು ನಿಜ ಬರೆಯುವ ಹಾಗೆ ಕೇಳುವ ಒಂದು ಮಾತೂ ಸಿಕ್ಕಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫಾಲೋಅಪ್‌ಗೆ ದಿನಕ್ಕೆ ನಲವತ್ತು ಮಂದಿ ಬಂದರೆ ಇಪ್ಪತ್ತೈದರಷ್ಟು ಜನ ತುಂಬಿರುತ್ತಾರೆ. ಒಬ್ಬೊಬ್ಬರಿಗೆ ಮೂರು ನಿಮಿಷ ಉಳಿಯುತ್ತದೆ, ಆ ಮೂರು ನಿಮಿಷ, ಷುಗರಿನಿಂದ ಗಾಯ ಆಗಿದೆಯೇ ಅಂತ ಅವರ ಪಾದ ನೋಡುತ್ತೇನೆ. ಖರ್ಚು ಅಂದರೆ ಸಿಸ್ಟರ್‌ಗೆ ತಿಂಗಳಿಗೆ ಹೆಚ್ಚಿಗೆ ಕೊಡುವ ಎರಡು ಸಾವಿರ. ಗುರುಮಠಕಲ್ ಕಡೆಯವರಿಗೆ ತೆಲುಗು ವಾಯ್ಸ್ ಈ ವಾರ ರೆಕಾರ್ಡ್ ಆಗುತ್ತಿದೆ.